ಓದುಕೂಟದಲ್ಲಿ ‘ಮಲೆಗಳಲ್ಲಿ ಮದುಮಗಳು’ ಅರ್ಧಕ್ಕೇ ನಿಂತಿದೆ, ಏನು ಮಾಡೋದು?

ಕಡೂರು_ಓದು ಕೇಳಿದ್ದು:
ಚಿಕ್ಕಮಗಳೂರಿನ ನಮ್ಮ ಓದುಕೂಟ ಈ ಸಲ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೈಗೆತ್ತಿಕೊಂಡಿದೆ. ಹತ್ತು ಹನ್ನೆರಡು ಜನ ಇದ್ದೀವಿ, ತಿಂಗಳಿಗೆ ಎರಡು ಭಾನುವಾರ ಸೇರುತ್ತೀವಿ. ನೂರು ಪುಟ ದಾಟುವಷ್ಟರಲ್ಲಿ ಅರ್ಧ ಜನ ಕೈಬಿಟ್ಟಿದ್ದಾರೆ. ಎಲ್ಲರದ್ದೂ ಒಂದೇ ದೂರು: ಹೆಸರು ತಲೆಯಲ್ಲಿ ನಿಲ್ಲಲ್ಲ, ನಾಯಕ ಯಾರು ಅಂತ ಗೊತ್ತಾಗಲ್ಲ. ವಾರಕ್ಕೆ ಐವತ್ತು ಪುಟ ಅಂತ ಹಂಚಿದ್ದೂ ಕೆಲಸಕ್ಕೆ ಬರಲಿಲ್ಲ. ಮುಂದುವರಿಸೋಣವಾ, ಬೇರೆ ಪುಸ್ತಕಕ್ಕೆ ಹೋಗೋಣವಾ?

ಮೂಡಿಗೆರೆ_ಕಾಫಿ:
ಮುಂದುವರಿಸಿ ಸಾರ್. ಆದರೆ ಪುಟದ ಲೆಕ್ಕ ಬಿಡಿ. ಮುದ್ರಣಕ್ಕೊಂದು ಪುಟಸಂಖ್ಯೆ, ಹಳೇ ಪ್ರತಿಯವರೂ ಹೊಸ ಪ್ರತಿಯವರೂ ಒಂದೇ ಜಾಗದಲ್ಲಿ ನಿಲ್ಲೋದೇ ಇಲ್ಲ. ಅಧ್ಯಾಯ ಹಿಡಿದು ಹಂಚಿ, ಒಂದು ಪ್ರಸಂಗ ಮುಗಿಯುವಲ್ಲಿ ನಿಲ್ಲಿಸಿ.

ಹೆಸರಿನ ಗೋಜಲಿಗೆ ಮದ್ದು: ಒಂದು ದೊಡ್ಡ ಹಾಳೆ ತಗೊಂಡು ಮನೆಗಳನ್ನು ಬರೆಯಿರಿ. ಸಿಂಬಾವಿ ಅಂದರೆ ಭರಮೈಹೆಗ್ಗಡೆ, ಅವರ ಆಳು ಗುತ್ತಿ, ಗುತ್ತಿಯ ನಾಯಿ ಹುಲಿಯ. ಹಳೆಮನೆ ಅಂದರೆ ಸುಬ್ಬಣ್ಣಹೆಗ್ಗಡೆ. ಬೆಟ್ಟಳ್ಳಿಗೆ ಕಲ್ಲಯ್ಯಗೌಡರು, ಮಗ ದೇವಯ್ಯ, ಅಲ್ಲಿನ ಕೇರಿಯಲ್ಲಿ ತಿಮ್ಮಿ. ಕೋಣೂರಿಗೆ ಮುಕುಂದಯ್ಯ. ಹೂವಳ್ಳಿಗೆ ಚಿನ್ನಮ್ಮ. ಐತ, ಪೀಂಚಲು ಘಟ್ಟದ ಕೆಳಗಿಂದ ಬಂದ ಆಳುಗಳು, ಅವರನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಆಮೇಲೆ ಯಾರು ಯಾವ ಮನೆಯಿಂದ ಯಾವ ಮನೆಗೆ ಹೋದರೋ ಅಲ್ಲಿ ಗೆರೆ ಎಳೆಯುತ್ತಾ ಬನ್ನಿ. ಕಾದಂಬರಿ ಚಲಿಸೋದೇ ಜನರ ನಡಿಗೆಯ ಮೇಲೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಡದಿದ್ದರೆ ಎಷ್ಟೋ ಮನೆಗಳ ಬಾಗಿಲು ನಮಗೆ ತೆರೆಯುತ್ತಲೇ ಇರಲಿಲ್ಲ.

ಇದರಲ್ಲೊಂದು ಗಂಟು ಗಮನಿಸಿ. ಚಿನ್ನಮ್ಮನನ್ನು ಎರಡನೇ ಹೆಂಡತಿಯಾಗಿ ಕೊಡಲು ಗೊತ್ತುಮಾಡಿರುವುದು ಗುತ್ತಿಯ ಒಡೆಯ ಭರಮೈಹೆಗ್ಗಡೆಗೇ. ಆಳಿನ ಮದುವೆಯೂ ಒಡೆಯನ ಮದುವೆಯೂ ಹಾಳೆಯ ಮೇಲೆ ಒಂದೇ ಮನೆಗೆ ಬಂದು ಸೇರುತ್ತವೆ. ಅದು ಕಣ್ಣಿಗೆ ಬಿದ್ದವರು ಪುಸ್ತಕ ಕೆಳಗಿಡಲ್ಲ.

ಬೇಲೂರು_ಕಪಾಟು:
ಹಾಳೆ ಸರಿ, ಆದರೆ ಮೊದಲ ದಿನವೇ ತುಂಬಿಸಿ ಹಂಚಬೇಡಿ. ಪರೀಕ್ಷೆಗೆ ಓದಿದ ಹಾಗಾಗುತ್ತೆ, ಮುಂದಿನ ಕಥೆಯೂ ಬಯಲಾಗುತ್ತೆ. ಖಾಲಿ ಹಾಳೆ ಗೋಡೆಗೆ ಅಂಟಿಸಿ, ಆಯಾ ಭಾನುವಾರ ಓದಿದಷ್ಟನ್ನೇ ಸೇರಿಸಿ.

ಕೈಬಿಟ್ಟವರು ಹೆಚ್ಚಿನವರು ‘ಕಾನೂರು ಹೆಗ್ಗಡಿತಿ’ (1936) ಓದಿ ಬಂದವರಾ? ಅದರಲ್ಲಿ ಹೂವಯ್ಯನನ್ನು ಹಿಡಿದುಕೊಂಡರೆ ದಾರಿ ತಪ್ಪಲ್ಲ. 1967ರ ಈ ಕಾದಂಬರಿಯಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರೆ. ನಾಯಕನನ್ನು ಹುಡುಕುವವರಿಗೆ ನಿರಾಸೆ ಗ್ಯಾರಂಟಿ. ಆ ಮಾತನ್ನು ಮೊದಲ ಸಭೆಯಲ್ಲೇ ಓದಿ ಹೇಳಿದ್ದರೆ ಅರ್ಧ ದೂರು ಬರುತ್ತಿರಲಿಲ್ಲ.

ಇನ್ನು, ಸಭೆಯ ಮೊದಲ ಹದಿನೈದು ನಿಮಿಷ ಜೋರಾಗಿ ಓದಿಸಿ. ಮಾತುಕತೆ ಇರುವ ಭಾಗ ಆರಿಸಿ, ವರ್ಣನೆ ಬೇಡ. ಸಂಭಾಷಣೆಯ ಮಲೆನಾಡ ಮಾತು ಕಣ್ಣಿಗೆ ತೊಡಕು, ಕಿವಿಗೆ ಬಿದ್ದರೆ ಸಲೀಸು. ಮೂಡಿಗೆರೆ, ಕೊಪ್ಪ ಕಡೆಯವರು ಇದ್ದರೆ ಅವರ ಕೈಲೇ ಓದಿಸಿ.

ಹಾಸನ_ಸಂಜೆ:
ಜನ ಓದಿ ಬಂದರೂ ಚರ್ಚೆ ಕುಂಟುವುದುಂಟು. “ಹೇಗಿತ್ತು?” ಅಂತ ಕೇಳಿದರೆ “ಚೆನ್ನಾಗಿತ್ತು” ಅಂತಾರೆ, ಟೀ ಬರುತ್ತೆ, ಮುಗೀತು. ಪ್ರತಿಯೊಬ್ಬರೂ ಒಪ್ಪದ ಒಂದು ಪುಟಕ್ಕೆ ಗುರುತಿಟ್ಟು ತರಲಿ. ತಲಾ ಮೂರು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಓದದೇ ಬಂದವರು ಕೂತು ಕೇಳಲಿ, ಅಭಿಪ್ರಾಯ ಹೇಳುವುದು ಬೇಡ.

ಜಾತಿಯ ಮಾತು ಬಂದೇ ಬರುತ್ತೆ. “ಆಗಿನ ಕಾಲ ಹಾಗಿತ್ತು” ಅಂತ ಯಾರಾದರೂ ತೇಲಿಸಿದರೆ ಪಠ್ಯಕ್ಕೆ ವಾಪಸ್ ಕರೆತನ್ನಿ: ಗುತ್ತಿ ಎಲ್ಲಿ ನಿಂತು ಮಾತಾಡುತ್ತಾನೆ, ಅಂಗಳದಲ್ಲಾ ಜಗಲಿಯಲ್ಲಾ? ಅವನಿಗೆ ಅನ್ನ ಎಲ್ಲಿ, ಹೇಗೆ ಸಿಗುತ್ತೆ? ಇಂಥ ಪ್ರಶ್ನೆಗೆ ಪುಸ್ತಕ ತೆರೆಯದೇ ಉತ್ತರ ಹೇಳಕ್ಕಾಗಲ್ಲ.

ಕಾಲದ ಬಗ್ಗೆಯೂ ಒಂದು ಮಾತು. ಕಥೆ ಇಲ್ಲಿ ನಡೆಯುತ್ತಿರುವಾಗಲೇ ವಿವೇಕಾನಂದರು ಷಿಕಾಗೋದಲ್ಲಿ ಮಾತಾಡುವ ಪ್ರಸ್ತಾಪ ಬರುತ್ತೆ, ಅಂದರೆ 1893. ಅದು ಹೊರಗಿಂದ ತಂದು ಅಂಟಿಸಿದ ಹಾಗಿದೆ ಅನ್ನುವವರಿದ್ದಾರೆ, ಕಾದಂಬರಿಯ ಹರವಿಗೆ ಅದು ಬೇಕೇ ಬೇಕು ಅನ್ನುವವರೂ ಇದ್ದಾರೆ. ನನ್ನ ಮತ ಎರಡನೆಯದಕ್ಕೆ. ಒಂದಿಡೀ ಭಾನುವಾರ ಅದಕ್ಕೇ ಇಡಿ, ಜಗಳ ಚೆನ್ನಾಗಿ ಆಗುತ್ತೆ.

ಕಡೂರು_ಓದು:
ಖಾಲಿ ಹಾಳೆ, ಜೋರು ಓದು ಎರಡೂ ಈ ಭಾನುವಾರದಿಂದಲೇ ಶುರು ಮಾಡ್ತೀವಿ. ಕೈಬಿಟ್ಟವರು ಮೊದಲಿಂದ ಓದಬೇಕಾ, ನಿಂತಲ್ಲಿಂದಲಾ?

ಮೂಡಿಗೆರೆ_ಕಾಫಿ:
ನಿಂತಲ್ಲಿಂದಲೇ. ಹಿಂದಿನದ್ದಕ್ಕೆ ಗೋಡೆಯ ಹಾಳೆ ಇದೆಯಲ್ಲ ಸಾರ್.