ಹ್ಯಾಂಗೋವರ್‌ಗೆ ಮನೆಯಲ್ಲೇ ಏನು ಕೊಡಬಹುದು? ನೀರು ಕುಡಿದರೂ ವಾಂತಿ ಆಗುತ್ತಿದೆ

ಸಂಪಿಗೆಮರ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನಿನ್ನೆ ರಾತ್ರಿ ಗೆಳೆಯರ ಜೊತೆ ಕುಡಿದು ಒಂದು ಗಂಟೆ ಹೊತ್ತಿಗೆ ಬಂದು ಮಲಗಿದ. ವಯಸ್ಸು 26. ಕುಡಿಯೋದು ಅಪರೂಪ, ಆದರೆ ನಿನ್ನೆ ಜಾಸ್ತಿನೇ ಆಗಿದೆ. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ, ಬೆಳಕು ನೋಡೋಕೆ ಆಗಲ್ಲ ಅಂತ ಪರದೆ ಎಳೆದುಕೊಂಡು ಮಲಗಿದ್ದಾನೆ. ತುಂಬಾ ಬಾಯಾರಿಕೆ ಅಂತ ದೊಡ್ಡ ಲೋಟದ ತುಂಬ ನೀರು ಒಂದೇ ಸಲ ಗಟಗಟ ಕುಡಿದ, ಸ್ವಲ್ಪ ಹೊತ್ತಿಗೆ ಅಷ್ಟೂ ವಾಂತಿ. ಕರೆದರೆ ಏಳುತ್ತಾನೆ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುತ್ತಾನೆ. ಕೈ ಮಾತ್ರ ಸ್ವಲ್ಪ ನಡುಗುತ್ತಿದೆ.

ಒಬ್ಬರು ನಿಂಬೆ ರಸ ಅಂತಾರೆ, ಇನ್ನೊಬ್ಬರು ಕಡಕ್ ಕಪ್ಪು ಕಾಫಿ ಅಂತಾರೆ. ಅವನ ಗೆಳೆಯ ಫೋನ್ ಮಾಡಿ ಒಂದು ಸಣ್ಣ ಪೆಗ್ ಹಾಕಿದರೆ ಸರಿಹೋಗುತ್ತೆ ಅಂದ. ಮನೆಯಲ್ಲಿ ಶುಂಠಿ, ಜೇನು, ಬಾಳೆಹಣ್ಣು, ಮೊಟ್ಟೆ ಇದೆ, ಪ್ಯಾರಾಸಿಟಮಾಲ್ ಕೂಡ ಇದೆ. ಯಾವುದನ್ನ ಕೊಡಲಿ, ಯಾವುದನ್ನ ಬಿಡಲಿ? ಬೈಯೋದು ಆಮೇಲೆ, ಈಗ ಮೊದಲು ಅವನು ಸುಧಾರಿಸಿಕೊಂಡರೆ ಸಾಕು.

ಹೊಂಗೆನೆರಳು:

ಗಾಬರಿ ಆಗಬೇಡಿ, ಮೊದಲು ನೀರು ಕೊಡೋ ರೀತಿ ಬದಲಾಯಿಸಿ. ಕೆರಳಿದ ಹೊಟ್ಟೆಗೆ ಒಂದೇ ಸಲ ಅಷ್ಟು ನೀರು ಬಿದ್ದರೆ ಅದು ನಿಲ್ಲಲ್ಲ. ವಾಂತಿ ಆದಮೇಲೆ ಒಂದು ಹತ್ತು ಹದಿನೈದು ನಿಮಿಷ ಏನೂ ಕೊಡಬೇಡಿ. ಆಮೇಲೆ ಒಂದೊಂದೇ ಚಮಚ, ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದು ಸಲ. ಅವನು ಬೇಸರದಿಂದ ಲೋಟ ಕಿತ್ತುಕೊಂಡು ಕುಡಿಯೋಕೆ ನೋಡ್ತಾನೆ, ಬಿಡಬೇಡಿ. ಅರ್ಧ ಗಂಟೆ ಚಮಚದಲ್ಲಿ ಕೊಟ್ಟದ್ದು ಹೊಟ್ಟೆಯಲ್ಲಿ ಉಳಿದರೆ ಆಮೇಲೆ ಸಣ್ಣ ಗುಟುಕುಗಳಲ್ಲಿ ಕೊಡಬಹುದು.

ಬರೀ ನೀರಿಗಿಂತ ಉಪ್ಪು ಸಕ್ಕರೆ ಬೆರೆಸಿದ ನೀರು ಒಳ್ಳೆಯದು. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಸಮನಾಗಿ ಅಳೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂದಾಜಿನಲ್ಲಿ ಹಾಕಬೇಡಿ, ಉಪ್ಪು ಜಾಸ್ತಿ ಆದರೆ ಮತ್ತೆ ವಾಂತಿ ಬರುತ್ತೆ. ಔಷಧಿ ಅಂಗಡಿಯ ಓಆರ್‌ಎಸ್ ಪುಡಿ ಸಿಕ್ಕರೆ ಇನ್ನೂ ಸುಲಭ. ನಿಂಬೆ ರಸ ರುಚಿಗೆ ನಾಲ್ಕು ಹನಿ ಇರಲಿ, ಆದರೆ ಅವನಿಗೆ ಎದೆ ಉರಿ ಇದ್ದರೆ ಅದೂ ಬೇಡ.

ಇಷ್ಟು ಬಾಯಾರಿಕೆ ಯಾಕೆ ಅಂದರೆ, ನೀರನ್ನ ಒಳಗೇ ಉಳಿಸಿಕೊಳ್ಳಿ ಅಂತ ಕಿಡ್ನಿಗೆ ಹೇಳೋ ವಾಸೊಪ್ರೆಸಿನ್ ಅನ್ನೋ ಹಾರ್ಮೋನನ್ನ ಮದ್ಯ ತಗ್ಗಿಸಿಬಿಡುತ್ತೆ. ಅದಕ್ಕೇ ಕುಡಿದ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತೆ. ಮೂತ್ರದ ಬಣ್ಣ ನೋಡಿಕೊಳ್ಳೋಕೆ ಹೇಳಿ. ಗಾಢ ಹಳದಿಯಿಂದ ತಿಳಿ ಬಣ್ಣಕ್ಕೆ ಬಂತು ಅಂದರೆ ನೀರು ಮೈಗೆ ಹತ್ತುತ್ತಿದೆ ಅಂತ ಅರ್ಥ.

ವಾಕರಿಕೆಗೆ ನಾನು ನಂಬೋದು ಶುಂಠಿ. ಹೆಬ್ಬೆರಳಿನ ಉಗುರಿನಷ್ಟು ತುಂಡು ಜಜ್ಜಿ, ಒಂದು ಕಪ್ ನೀರಲ್ಲಿ ಐದು ನಿಮಿಷ ಕುದಿಸಿ ಸೋಸಿ, ಸ್ವಲ್ಪ ಜೇನು ಹಾಕಿ, ಉಗುರುಬೆಚ್ಚಗೆ ಆದಮೇಲೆ ಗುಟುಕು ಗುಟುಕಾಗಿ. ಖಾರ ಆಗುವಷ್ಟು ಹಾಕಬೇಡಿ. ಹೊಟ್ಟೆ ನಿಂತಮೇಲೆ ಅರ್ಧ ಬಾಳೆಹಣ್ಣು, ಒಣ ಬ್ರೆಡ್, ಇಲ್ಲ ಮೆತ್ತಗೆ ಬೇಯಿಸಿದ ಅನ್ನ. ಮೊಟ್ಟೆ ಸಂಜೆಗೆ ಇರಲಿ. ಕರಿದದ್ದು ಮಾತ್ರ ಇವತ್ತು ಪೂರ್ತಿ ಬೇಡ.

ರಾತ್ರಿಪಾಳಿ:

ನಾನು ನರ್ಸ್, ತುರ್ತು ವಿಭಾಗದಲ್ಲಿ ಕೆಲಸ. ಮೇಲೆ ಬರೆದಿರೋದು ಸರಿ ಇದೆ. ಮಾತ್ರೆ ವಿಷಯ ಮಾತ್ರ ಹೇಳಿಬಿಡುತ್ತೇನೆ.

ಪ್ಯಾರಾಸಿಟಮಾಲ್ ಈಗ ಬೇಡ. ಅದೂ ಮದ್ಯವೂ ಎರಡೂ ಕರಗೋದು ಲಿವರ್‌ನಲ್ಲೇ. ರಾತ್ರಿ ಅಷ್ಟು ಕುಡಿದು, ಹೊಟ್ಟೆ ಖಾಲಿ ಇದ್ದು, ವಾಂತಿನೂ ಆಗುತ್ತಿರುವಾಗ ಆ ಹೊರೆ ಯಾಕೆ? ಆಸ್ಪಿರಿನ್, ಐಬುಪ್ರೊಫೇನ್ ಲಿವರ್‌ಗಿಂತ ಹೊಟ್ಟೆಗೆ ತೊಂದರೆ, ಕೆರಳಿದ ಹೊಟ್ಟೆಯಲ್ಲಿ ರಕ್ತ ಬರುವ ಅಪಾಯ ಇದೆ. ಹಣೆಗೆ ತಣ್ಣನೆ ಒದ್ದೆ ಬಟ್ಟೆ, ಕತ್ತಲೆ ಕೋಣೆ, ಸದ್ದಿಲ್ಲದೆ ನಿದ್ದೆ, ಇಷ್ಟರಲ್ಲಿ ತಡೆದುಕೊಳ್ಳೋಕೆ ಆದರೆ ತಡೆದುಕೊಳ್ಳಲಿ. ರಾತ್ರಿ ಮಲಗಿದ್ದರೂ ಅದು ಸರಿಯಾದ ನಿದ್ದೆ ಅಲ್ಲ. ಕುಡಿದು ಮಲಗಿದವರಿಗೆ ರಾತ್ರಿಯ ಎರಡನೇ ಭಾಗದಲ್ಲಿ ನಿದ್ದೆ ಕಡಿದು ಕಡಿದು ಬರುತ್ತೆ. ಹಾಗಾಗಿ ಈಗ ಮಲಗಿದರೆ ಎಬ್ಬಿಸಬೇಡಿ, ಆದರೆ ಒಂದು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ವಾಂತಿ ಬಂದರೂ ಉಸಿರಿಗೆ ಅಡ್ಡ ಆಗಬಾರದು.

ಕರೆದರೂ ಏಳದಿದ್ದರೆ, ಮಾತು ತಡಬಡಾಯಿಸಿದರೆ, ಉಸಿರು ತೀರಾ ನಿಧಾನ ಆದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥ ಕಪ್ಪು ಕಂಡರೆ ಮನೆಮದ್ದು ಬಿಟ್ಟು ತಕ್ಷಣ ಆಸ್ಪತ್ರೆಗೆ. ಕಣ್ಣು ಮಂಜಾಗಿದೆ ಅಂದರೂ ಅಷ್ಟೇ. ಕಳಪೆ ಮದ್ಯದಲ್ಲಿ ಮೆಥನಾಲ್ ಇದ್ದರೆ ಅದರ ತೊಂದರೆ ಎಷ್ಟೋ ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತೆ, ಹ್ಯಾಂಗೋವರ್ ಅಂತ ಸುಮ್ನೆ ಕೂತರೆ ಕಣ್ಣೇ ಹೋಗಬಹುದು. ಅವನು ಏನು ಕುಡಿದ, ಎಲ್ಲಿಂದ ತಂದಿದ್ದು ಅಂತ ಒಮ್ಮೆ ಕೇಳಿ.

ಕೈ ನಡುಕ ಒಂದು ದಿನದ ಕುಡಿತದ ಮಾರನೇ ದಿನವೂ ಇರುತ್ತೆ. ದಿನಾ ಕುಡಿಯುವವರಲ್ಲಿ ನಡುಕದ ಜೊತೆ ಬೆವರು, ಚಡಪಡಿಕೆ ಬಂದರೆ ಅದು ಬೇರೆ ವಿಷಯ, ಅದಕ್ಕೆ ಡಾಕ್ಟರೇ ಬೇಕು.

ನೇರಮಾತು:

ಪೆಗ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ದಯವಿಟ್ಟು ಕೊಡಬೇಡಿ. ಹ್ಯಾಂಗೋವರ್ ಜೋರಾಗೋದು ರಕ್ತದಲ್ಲಿ ಮದ್ಯ ಸೊನ್ನೆಗೆ ಇಳಿಯುವ ಹೊತ್ತಿಗೆ. ಮತ್ತೆ ಕುಡಿದರೆ ಆ ಹೊತ್ತು ಮುಂದಕ್ಕೆ ಹೋಗುತ್ತೆ ಅಷ್ಟೇ, ಅದನ್ನೇ ಜನ ವಾಸಿ ಆಯಿತು ಅಂದುಕೊಳ್ಳೋದು. ಬೆಳಿಗ್ಗೆ ಎದ್ದು ಕುಡಿಯೋ ಅಭ್ಯಾಸ ಶುರುವಾಗೋದೂ ಹೀಗೇ, ಅದು ನನಗೆ ನಿಜವಾಗಲೂ ಭಯ ತರೋ ವಿಷಯ.

ಕಾಫಿ ಕೂಡ ಅಮಲು ಇಳಿಸಲ್ಲ. ದಿನಾ ಕಾಫಿ ಕುಡಿಯುವವನಾದರೆ ಇವತ್ತು ಬಿಟ್ಟಿದ್ದಕ್ಕೇ ಒಂದು ತಲೆನೋವು ಸೇರಿಕೊಂಡಿರುತ್ತೆ, ಹೊಟ್ಟೆ ನಿಂತಮೇಲೆ ಅರ್ಧ ಕಪ್ ಕೊಟ್ಟರೆ ತಪ್ಪಿಲ್ಲ. ತಣ್ಣೀರು ಸ್ನಾನನೂ ಲಿವರ್‌ನ ಕೆಲಸ ಬೇಗ ಮಾಡಿಸಲ್ಲ.

2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹ್ಯಾಂಗೋವರ್ ಮದ್ದುಗಳ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಬರೆದಿದ್ದರು. ಯಾವುದೂ ಕೆಲಸ ಮಾಡುತ್ತೆ ಅನ್ನೋಕೆ ನಂಬುವಂಥ ಪುರಾವೆ ಸಿಗಲಿಲ್ಲ. ಅದಕ್ಕೇ ನೀರು, ಶುಂಠಿ, ಬಾಳೆಹಣ್ಣು ಕೊಡುವಾಗಲೂ ಬಾಯಾರಿಕೆ, ವಾಕರಿಕೆ, ಸುಸ್ತು ಇವನ್ನ ಒಂದೊಂದಾಗಿ ಕಡಿಮೆ ಮಾಡುತ್ತಿದ್ದೀನಿ ಅಂತ ಕೊಡಿ. ಉಳಿದದ್ದು ಮೈಯೇ ಮಾಡಿಕೊಳ್ಳಬೇಕು. ಜೇನು ಅಮಲನ್ನ ಕರಗಿಸುತ್ತೆ ಅನ್ನೋದನ್ನ ನಾನು ನಂಬಲ್ಲ, ಆದರೆ ಮದ್ಯ ಕರಗಿಸೋದರಲ್ಲಿ ಮುಳುಗಿದ ಲಿವರ್ ಸಕ್ಕರೆ ತಯಾರಿಸೋದು ಕಡಿಮೆ ಮಾಡಿರುತ್ತೆ, ಊಟನೂ ಮಾಡಿರಲ್ಲ, ಹಾಗಾಗಿ ಸಿಹಿ ಸ್ವಲ್ಪ ಒಳಗೆ ಹೋದರೆ ಸುಸ್ತು ಇಳಿಯುತ್ತೆ.

ಸಂಪಿಗೆಮರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಮಚದಲ್ಲೇ ಕೊಟ್ಟೆ, ಈ ಸಲ ನಿಂತಿದೆ. ಶುಂಠಿ ನೀರು ಅರ್ಧ ಕಪ್ ಕುಡಿದ, ಬಾಳೆಹಣ್ಣು ತಿಂದು ಈಗ ಮಗ್ಗುಲಾಗಿ ಮಲಗಿದ್ದಾನೆ. ಕಣ್ಣು ಸರಿಯಾಗಿ ಕಾಣುತ್ತಿದೆಯಂತೆ. ಕುಡಿದಿದ್ದು ಬ್ರಾಂಡಿ, ಸೀಲ್ ಇದ್ದ ಬಾಟಲಿ. ಅಮ್ಮನಿಗೆ ಕೊಟ್ಟಹಾಗೆ ನನಗೂ ಮಾತ್ರೆ ಕೊಡು ಅಂತ ಹಟ ಮಾಡಿದ, ಕೊಡಲಿಲ್ಲ.

ಇನ್ನೊಂದು ಕೇಳಬೇಕಿತ್ತು. ಸಂಜೆ ಆರಕ್ಕೆ ಅವನಿಗೆ ಪಾಳಿ ಇದೆ, ಬೈಕಲ್ಲಿ ಹೋಗುತ್ತೇನೆ ಅಂತಿದ್ದಾನೆ. ಹೋಗಬಹುದಾ?

ರಾತ್ರಿಪಾಳಿ:

ಬೈಕ್ ಬೇಡ. ಲಿವರ್ ಹೆಚ್ಚುಕಡಿಮೆ ಗಂಟೆಗೆ 10 ಗ್ರಾಂ ಶುದ್ಧ ಮದ್ಯ ಕರಗಿಸುತ್ತೆ, ಅಂದರೆ ಬ್ರಾಂಡಿಯ 30 ಮಿ.ಲೀ. ಅಳತೆ ಒಂದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತೆ. ಒಬ್ಬೊಬ್ಬರಿಗೆ ಒಂದೊಂದು ರೀತಿ. ಅವನು ಎಂಟು ಹತ್ತು ಅಳತೆ ಕುಡಿದಿದ್ದರೆ ಬೆಳಿಗ್ಗೆ ಎದ್ದಾಗಲೂ ರಕ್ತದಲ್ಲಿ ಇತ್ತು. ಸಂಜೆ ಹೊತ್ತಿಗೆ ಖಾಲಿ ಆಗಿರುತ್ತೆ, ಆದರೆ ಹ್ಯಾಂಗೋವರ್ ಇರುವಾಗ ಗಮನವೂ ನಿಲ್ಲಲ್ಲ, ಬ್ರೇಕ್ ಹಿಡಿಯೋ ಕೈಯೂ ತಡ ಮಾಡುತ್ತೆ. ಬ್ರಾಂಡಿಯಂಥ ಬಣ್ಣದ ಮದ್ಯದಲ್ಲಿ ವೋಡ್ಕಾಗಿಂತ ಕಂಜೆನರ್ ಅನ್ನೋ ಅಂಶಗಳು ಜಾಸ್ತಿ, ಅದರ ಮಾರನೇ ದಿನದ ಕಷ್ಟವೂ ಜಾಸ್ತಿ. ಈಗಲೇ ಫೋನ್ ಮಾಡಿ ಇವತ್ತಿನ ಪಾಳಿಗೆ ಬೇರೆಯವರನ್ನ ಹಾಕಿಸಿಕೊಳ್ಳೋಕೆ ಹೇಳಿ. ಹೋಗಲೇಬೇಕು ಅಂದರೆ ನೀವೇ ಬಿಟ್ಟು ಬನ್ನಿ, ಜೊತೆಗೆ ಆ ಉಪ್ಪು ಸಕ್ಕರೆ ನೀರಿನ ಬಾಟಲಿ ಇರಲಿ.