ಪದಚರ್ಚೆ: ‘ಮಣ್ಣಿನ ಜ್ವರ’ ಅಂದರೆ ಯಾರ ಜ್ವರ?

ಎಲ್ಲರಿಗೂ ನಮಸ್ಕಾರ.

ಹಾನಗಲ್ಲ ತಾಲ್ಲೂಕಿನ ನಮ್ಮೂರಿಗಾಗಿ ಮೆಲಿಯಾಯ್ಡೋಸಿಸ್ (ಹಸಿ ಮಣ್ಣು, ನೀರಿನಲ್ಲಿರುವ ರೋಗಾಣುವಿನಿಂದ ಬರುವ ಜಡ್ಡು) ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಬಿದ್ದೆ. ‘ಮಣ್ಣಿನ ಜ್ವರ’ ಎಂದು ಬರೆದು ಸೋದರಮಾವನಿಗೆ ಓದಿ ಹೇಳಿದರೆ, “ಮಣ್ಣಿಗ್ಯಾಕ ಜ್ವರಾ ಬಂತೋ ತಮ್ಮಾ? ಮಣ್ಣೆತ್ತಿನ ಅಮಾಸಿಗೆ ಅದನ್ನ ಪೂಜಿ ಮಾಡತೀವಿ” ಅಂದರು.

ಈ ಜಡ್ಡು ಬಂದದ್ದು ಅವರಿಗೇ. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಒಡೆದ ಹಿಮ್ಮಡಿಯಲ್ಲೇ ಮಳೆಗಾಲವಿಡೀ ಭತ್ತದ ಗದ್ದೆಗೆ ಇಳಿದಿದ್ದರು. ಜ್ವರ, ಕೆಮ್ಮು, ಸೊರಗಿದ ಮೈ ನೋಡಿ ಟಿಬಿ ಎಂದು ತಿಂಗಳುಗಟ್ಟಲೆ ಗುಳಿಗೆ ಕೊಟ್ಟರು. ಲಿವರಿನಲ್ಲಿ ಕೀವುಗಟ್ಟಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡು, ಕೀವು ಮತ್ತು ರಕ್ತವನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದ ಮೇಲೇ ರೋಗಾಣು ಸಿಕ್ಕಿದ್ದು. ಸೆಫ್ಟಾಜಿಡಿಮ್ ಇಂಜೆಕ್ಷನ್ನು ಸಾಮಾನ್ಯವಾಗಿ ಕಡಿಮೆಯೆಂದರೂ 10–14 ದಿನ; ಕೀವು ಇದ್ದದ್ದರಿಂದ ಇವರಿಗೆ ನಾಲ್ಕು ವಾರ. ಆಮೇಲೆ ಮೂರು ತಿಂಗಳು ಕೋ-ಟ್ರೈಮಾಕ್ಸಜೋಲ್ ಗುಳಿಗೆ. ನಡುವೆ ಬಿಟ್ಟರೆ ಮರುಕಳಿಸುತ್ತದೆ. (ಇಡೀ ಕರಪತ್ರದಲ್ಲಿ ತಡಕಾಡದೆ ಸಿಕ್ಕ ಪದ ‘ಮರುಕಳಿಸು’ ಒಂದೇ.)

ಈಗ ಹೆಸರಿಗೆ ಬರೋಣ. ಮಂಗನ ಕಾಯಿಲೆಯಲ್ಲಿ ಮಂಗವೂ ಸಾಯುತ್ತದೆ, ಅಲ್ಲಿ ಷಷ್ಠಿ ವಿಭಕ್ತಿ (‘ಮಂಗನ’) ಸರಿಹೊಂದುತ್ತದೆ. ಇಲಿಜ್ವರದಲ್ಲಿ ಇಲಿ ಆರಾಮ ಓಡಾಡಿಕೊಂಡಿರುತ್ತದೆ; ಅದರ ಉಚ್ಚೆ ಬೆರೆತ ನೀರು ತುಳಿದ ನಮಗೆ ಜ್ವರ. ಮೆಲಿಯಾಯ್ಡೋಸಿಸ್‌ನ ರೋಗಾಣುವಿಗೆ ಹಸಿ ಮಣ್ಣು, ನಿಂತ ನೀರೇ ಮನೆ. ಹಾಗೆ ನೋಡಿದರೆ ‘ಮಣ್ಣಿನ’ ತಪ್ಪಲ್ಲ. ಆದರೆ ‘ಜ್ವರ’? ಕೆಲವರಲ್ಲಿ ಬರೀ ಮಾಯದ ಹುಣ್ಣಾಗಿಯೂ ಕಾಣಿಸಿಕೊಳ್ಳುತ್ತದೆ. ‘ಕೆಸರುಜ್ವರ’ ಎಂದರೆ ಜನ ಇಲಿಜ್ವರವೆಂದೇ ತಿಳಿದಾರು. ‘ಮಣ್ಣುಬೇನೆ’ ನನಗೆ ಹಿಡಿಸಿತ್ತು, ಆದರೆ ನಮ್ಮಲ್ಲಿ ಬ್ಯಾನಿ ಅಂದರೆ ಮೊದಲು ನೆನಪಾಗುವುದು ಹೆರಿಗೆ.

ಮೂಲ ಹೆಸರಿನಿಂದಲೂ ಉಪಯೋಗವಿಲ್ಲ. ಗ್ರೀಕಿನ ‘ಮೆಲಿಸ್’ ಕತ್ತೆಗಳಿಗೆ ಬರುವ ಜಡ್ಡು, ‘ಎಯ್ಡೋಸ್’ ಅಂದರೆ ಹೋಲಿಕೆ. 1912ರಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಿಂದ ವರದಿ ಮಾಡಿದ ಈ ರೋಗ ಕುದುರೆ-ಕತ್ತೆಗಳ ಗ್ಲ್ಯಾಂಡರ್ಸ್ ಎಂಬ ರೋಗದಂತೆ ಕಂಡಿತ್ತು, ಅಷ್ಟೇ. ಕನ್ನಡಿಸಿದರೆ ‘ಕತ್ತೆಜಡ್ಡಿನಂಥದ್ದು’. ಮಾವನ ಎದುರು ಅದನ್ನು ಓದುವ ಧೈರ್ಯ ನನಗಿಲ್ಲ!

ಅವರು ಮಾತ್ರ “ಗದ್ಯಾಗಿನ ಜಡ್ಡು” ಅನ್ನುತ್ತಾರೆ. ‘ಗದ್ದೆಜಡ್ಡು’ ಎಂದೇ ಅಚ್ಚು ಹಾಕಿಸಲೇ? ಗದಗ, ನರಗುಂದದ ಕಡೆಯವರು ಹೇಳಬೇಕು: ಎರಿಹೊಲದವರಿಗೆ (ಕರಿಮಣ್ಣಿನ ಹೊಲದವರಿಗೆ) ‘ಗದ್ದೆ’ ಅಂದರೆ ಇದು ತಮಗಲ್ಲ ಅನ್ನಿಸೀತೆ? ನಿಮ್ಮಲ್ಲಿ ಮಳೆಗಾಲದ ಇಂಥ ಕೀವಿನ ಜಡ್ಡಿಗೆ ಹಳೆಯ ಹೆಸರೇನಾದರೂ ಬಳಕೆಯಲ್ಲಿದೆಯೆ?