ಎಷ್ಟು ಹೊತ್ತು ಕಾಯಬೇಕು ಅಂತ ಡಿಸ್ಪ್ಯಾಚ್‌ನವರ ಬಾಯಿಂದ ಹೇಳಿಸುವುದು ಹೇಗೆ?

ರೀಫರ್ ಗಾಡಿ ಕೇಳಿದ್ದು:

ದೂರದ ಲೈನ್‌ನಲ್ಲಿ ರೀಫರ್ ಟ್ರೇಲರ್, ಅಂದರೆ ಮಾಲನ್ನು ತಣ್ಣಗಿಡುವ ಗಾಡಿ ಓಡಿಸುತ್ತೇನೆ. ಓಡಿಸುವುದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಮಳೆ, ಘಾಟಿ, ರಾತ್ರಿ ಎಲ್ಲ ಅಭ್ಯಾಸ ಆಗಿಹೋಗಿದೆ. ತಲೆ ಕೆಡುವುದು ಗಾಡಿ ನಿಂತಾಗ.

ಗಾಡಿಗಳ ಓಡಾಟ ನೋಡಿಕೊಳ್ಳುವ ನಮ್ಮ ಡಿಸ್ಪ್ಯಾಚ್ ಆಫೀಸಿನಿಂದ ಬೆಳಗ್ಗೆ 8ಕ್ಕೆ ಲೋಡಿಂಗ್ ಅಂತ ಮೆಸೇಜ್ ಬರುತ್ತದೆ. ಅದು ಸಾಲದು ಅಂತ 'ಲೇಟ್ ಮಾಡಬೇಡಿ, ಪಾರ್ಟಿ ಬಹಳ ಸ್ಟ್ರಿಕ್ಟು' ಅಂತ ಫೋನೂ ಬರುತ್ತದೆ. ಟೈಮಿಗೆ ಸರಿಯಾಗಿ ಗೇಟಿನಲ್ಲಿ ಇರುತ್ತೇನೆ. ಸೆಕ್ಯೂರಿಟಿಯವನು ಗಾಡಿ ನಂಬರ್, ಫೋನ್ ನಂಬರ್ ಬರೆದುಕೊಂಡು 'ಕರೀತಾರೆ, ಸೈಡಿಗೆ ಹಾಕ್ಕೊಳ್ಳಿ' ಅನ್ನುತ್ತಾನೆ. ಅಷ್ಟೇ. ಕರೆಯುವವರು ಯಾರು, ಕರೆಯುವುದು ಯಾವಾಗ, ದೇವರಿಗೇ ಗೊತ್ತು. ಒಳಗೆ ಹೋಗಿ ಕೇಳಿದರೆ ಕಿಟಕಿ ಹಿಂದೆ ಕೂತವರು ತಲೆ ಎತ್ತದೆ 'ಮಾಲು ಇನ್ನೂ ರೆಡಿ ಆಗಿಲ್ಲ' ಅನ್ನುತ್ತಾರೆ. ಮಾಲೇ ರೆಡಿ ಇಲ್ಲ ಅಂದಮೇಲೆ 8 ಗಂಟೆ ಅಂತ ಹೇಳಿದ್ದು ಯಾವ ಸಂಭ್ರಮಕ್ಕೆ?

ಬೇ, ಅಂದರೆ ಲೋಡ್ ಮಾಡಲು ಗಾಡಿ ಹಚ್ಚುವ ಜಾಗ, ಸಿಕ್ಕಿ ರಿವರ್ಸ್ ಹಾಕಿದ ಮೇಲೂ ಇದೇ ಕಥೆ. ಕ್ಯಾಬಿನ್‌ನಲ್ಲಿ ಮಲಗಿದ್ದರೆ ಫೋರ್ಕ್‌ಲಿಫ್ಟ್ ಟ್ರೇಲರ್ ಒಳಗೆ ನುಗ್ಗಿದಾಗ ಇಡೀ ಗಾಡಿ ಒಮ್ಮೆ ಜಗ್ಗುತ್ತದೆ. ಅದು ಹೊರಗೆ ಹೋದಾಗ ಮತ್ತೆ ಮೇಲೆದ್ದು ನಿಲ್ಲುತ್ತದೆ. ಒಂದು ಜಗ್ಗು ಅಂದರೆ ಹೆಚ್ಚುಕಡಿಮೆ ಒಂದು ಪ್ಯಾಲೆಟ್, ಮಾಲು ಪೇರಿಸಿದ ಒಂದು ಹಲಗೆ. ನಾನು ಲೆಕ್ಕ ಇಡುವುದೇ ಹಾಗೆ, ಮಲಗಿಕೊಂಡೇ. ಏಳೆಂಟು ಸಲ ಜಗ್ಗುತ್ತದೆ, ಆಮೇಲೆ ಸದ್ದಿಲ್ಲ. ಊಟಕ್ಕೆ ಹೋದರಾ, ಶಿಫ್ಟ್ ಬದಲಾಯಿತಾ, ಮಾಲು ಕಮ್ಮಿ ಬಿತ್ತಾ, ಒಂದೂ ತಿಳಿಯುವುದಿಲ್ಲ. ಕಣ್ಣು ಮುಚ್ಚೋಣ ಅಂದರೆ ಯಾವ ಗಳಿಗೆಯಲ್ಲಿ ಬಂದು ಬಾಗಿಲು ಬಡಿಯುತ್ತಾರೋ ಅಂತ ಕಿವಿ ಎದ್ದೇ ಇರುತ್ತದೆ.

ಇದರ ಮಧ್ಯೆ ಆಫೀಸಿನಿಂದ ಅರ್ಧ ಗಂಟೆಗೊಮ್ಮೆ ಫೋನ್. 'ಎಲ್ಲಿದ್ದೀರಾ?' ಜಿಪಿಎಸ್ ಅವರ ಸ್ಕ್ರೀನ್ ಮೇಲೇ ಇದೆ. ನನ್ನ ಗಾಡಿಯ ಚುಕ್ಕಿ ಬೆಳಗ್ಗೆಯಿಂದ ಗೋಡೌನ್ ಮೇಲೆ ಅಂಟಿಕೊಂಡಿದೆ. ಆದರೂ ಎಲ್ಲಿದ್ದೀರಾ!

ಪೇಪರ್ ಕೈಗೆ ಬರುವ ಹೊತ್ತಿಗೆ ನನ್ನ ಡ್ಯೂಟಿ ಗಂಟೆ ಮುಗಿಯುತ್ತಾ ಬಂದಿರುತ್ತದೆ. 'ಇವತ್ತು ಇನ್ನು ಓಡಿಸಲು ಆಗುವುದಿಲ್ಲ' ಅಂದರೆ 'ಬೆಳಗ್ಗೆಯಿಂದ ಮಲಗಿಯೇ ಇದ್ದಿರಲ್ಲ' ಅನ್ನುತ್ತಾರೆ. ಗೇಟಿನವರು 'ಲೋಡ್ ಆದ ಗಾಡಿ ಒಳಗೆ ನಿಲ್ಲಿಸುವ ಹಾಗಿಲ್ಲ' ಅಂತ ಹೊರಗೆ ದಬ್ಬುತ್ತಾರೆ. ಕತ್ತಲಾದ ಮೇಲೆ ಪಾರ್ಕಿಂಗ್‌ನಲ್ಲಿ ಜಾಗ ಎಲ್ಲಿ ಉಳಿದಿರುತ್ತದೆ? ಅತ್ತ ದರಿ, ಇತ್ತ ಪುಲಿ.

ಕಾಯುವುದಕ್ಕೆ ನನಗೆ ಬೇಜಾರಿಲ್ಲ. 'ಐದು ಗಂಟೆ ಆಗುತ್ತೆ' ಅಂತ ಮೊದಲೇ ಹೇಳಿದರೆ ಪರದೆ ಎಳೆದು ನಿಜವಾಗಿಯೂ ಮಲಗುತ್ತೇನೆ, ರಾತ್ರಿ ಓಡಿಸುತ್ತೇನೆ. ಆ ಒಂದು ಮಾತನ್ನು ಇವರಿಂದ ಹೊರಡಿಸುವುದು ಹೇಗೆ? ಯಾರಿಗಾದರೂ ಆಗಿದೆಯಾ?

ಹಳೇ ಸ್ಟೇರಿಂಗ್:

ನೋಡಪ್ಪ, ಫೋನ್‌ನಲ್ಲಿ ಜಗಳ ಆಡಿದರೆ ಗಂಟಲು ನೋಯುತ್ತದೆ ಅಷ್ಟೇ, ದಾಖಲೆ ಉಳಿಯುವುದಿಲ್ಲ. ಬರೆದು ಕಳಿಸು. ಗೇಟಿಗೆ ಬಂದ ತಕ್ಷಣ ಒಂದು ಮೆಸೇಜ್: ಇಷ್ಟು ಗಂಟೆಗೆ ಗೇಟ್ ಇನ್. ಬೇ ಸಿಕ್ಕಾಗ ಇನ್ನೊಂದು. ಒಂದು ಗಂಟೆ ಸುಮ್ನೆ ನಿಂತರೆ ಮತ್ತೊಂದು. ಅದರಲ್ಲಿ ಮೂರು ವಿಷಯ ಇರಲಿ. ಓಡಿಸಲು ನನಗೆ ಉಳಿದಿರುವ ಗಂಟೆ ಎಷ್ಟು, ಎಷ್ಟು ಗಂಟೆಯೊಳಗೆ ಇಲ್ಲಿಂದ ಬಿಟ್ಟರೆ ನಾಳೆಯ ಅನ್‌ಲೋಡಿಂಗ್ ಸಿಗುತ್ತದೆ, ಬಿಡದಿದ್ದರೆ ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೇನೆ. ಕೊನೆಗಳಿಗೆಯಲ್ಲಿ ಹೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ. ಮಧ್ಯಾಹ್ನವೇ ಹೇಳಿದ್ದರೆ ಅವರೇ ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು. ಲೋಡಿಂಗ್ ಪೇಪರ್ ಮೇಲೆ ಇನ್ ಟೈಮ್, ಔಟ್ ಟೈಮ್ ಬರೆಸಿ ಸೀಲ್ ಹಾಕಿಸದೆ ಗೇಟ್ ದಾಟಬೇಡ. ಗೇಟ್ ಚೀಟಿಯ ಫೋಟೋ ಹೊಡೆದು ಇಟ್ಟುಕೋ. ಸಾಮಾನ್ಯವಾಗಿ ಮೊದಲ 2 ಗಂಟೆ ಫ್ರೀ, ಆಮೇಲೆ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಚಾರ್ಜ್ ಅಂತ ಆಫೀಸಿಗೂ ಪಾರ್ಟಿಗೂ ಮಾತಾಗಿರುತ್ತದೆ. ಟೈಮ್ ಬರೆಸಿರದಿದ್ದರೆ ಪಾರ್ಟಿ ಒಪ್ಪುವುದಿಲ್ಲ. ಅವರು ಒಪ್ಪಲಿಲ್ಲ ಅಂತ ನಿನಗೂ ಬರುವುದಿಲ್ಲ. ಪಾರ್ಟಿಯಿಂದ ಆಫೀಸಿಗೆ ಬಂದ ಹಾಲ್ಟಿಂಗ್‌ನಲ್ಲಿ ಡ್ರೈವರ್‌ಗೆ ಎಷ್ಟು ಅಂತಲೂ ಒಮ್ಮೆ ಕೇಳಿ ನೋಡು. ಆಫೀಸಿನಲ್ಲಿ ಎಲ್ಲರಿಗೂ ಒಟ್ಟಿಗೆ ಬೇರೆ ಕೆಲಸ ನೆನಪಾಗುತ್ತದೆ.

ಪ್ಲಾನಿಂಗ್ ಟೇಬಲ್:

ನಾನು ಫೋನಿನ ಆ ಕಡೆ ಕೂರುವವನು. ಬೈಯುವ ಮೊದಲು ಸ್ವಲ್ಪ ಕೇಳಿ.

'ಎಲ್ಲಿದ್ದೀರಾ' ಅನ್ನುವುದು ದಡ್ಡ ಪ್ರಶ್ನೆ, ಒಪ್ಪಿದೆ. ಆದರೆ ನಮಗೂ ಪಾರ್ಟಿಯಿಂದ ಅದೇ ಪ್ರಶ್ನೆ ಬರುತ್ತಾ ಇರುತ್ತದೆ. ಗೋಡೌನ್‌ನವರು ನಮ್ಮ ಫೋನ್ ಎತ್ತುವುದಿಲ್ಲ. ಎತ್ತಿದರೆ 'ಆಗುತ್ತೆ, ಆಗುತ್ತೆ'. ಒಂದೇ ಹೊತ್ತಿಗೆ ಎಷ್ಟೋ ಗಾಡಿಗಳಿಗೆ ಟೈಮ್ ಕೊಟ್ಟು, ಬೇ ಇರುವುದು ನಾಲ್ಕೇ ಆದರೆ ನಾವೇನು ಮಾಡೋಣ? ಹಾಗಾಗಿ ಎಷ್ಟು ಹೊತ್ತು ಅಂತ ಹಲವು ಸಲ ನಮಗೂ ಗೊತ್ತಿರುವುದಿಲ್ಲ. ಮುಚ್ಚಿಡುತ್ತೇವೆ ಅಂದುಕೊಳ್ಳಬೇಡಿ.

ಡ್ರೈವರ್‌ಗಳ ಕಡೆಯಿಂದಲೂ ಒಂದು ಮಾತು ನಮ್ಮ ಪ್ಲಾನನ್ನೆಲ್ಲ ಹಾಳು ಮಾಡುತ್ತದೆ. 'ನೋಡೋಣ ಸರ್.' ಇದು ಹೂಂ ಅಂತಲೋ ಊಹೂಂ ಅಂತಲೋ? ನಾನು ಹೂಂ ಅಂದುಕೊಂಡು ಮುಂದಿನ ಲೋಡ್ ಒಪ್ಪಿಕೊಂಡಿರುತ್ತೇನೆ. ರಾತ್ರಿ 9ಕ್ಕೆ ಫೋನ್ ಸ್ವಿಚ್ ಆಫ್.

ರೀಫರ್ ಗಾಡಿ:

ಪ್ಲಾನಿಂಗ್ ಸರ್, ನೀವು ಹೇಳಿದ್ದು ಸರಿ ಇರಬಹುದು. ಆದರೆ ಫೋನ್ ಸ್ವಿಚ್ ಆಫ್ ಯಾಕೆ ಮಾಡುತ್ತಾರೆ ಅಂತಲೂ ಯೋಚಿಸಿ. ರೆಸ್ಟ್ ಅಂತ ಲಾಗ್‌ನಲ್ಲಿ (ಓಡಿಸಿದ, ನಿಂತ ಗಂಟೆ ಬರೆದಿಡುವ ಮೆಷಿನ್‌ನಲ್ಲಿ) ಒತ್ತಿ ಮಲಗಿದವನಿಗೆ 'ಡೀಸೆಲ್ ಎಷ್ಟಿದೆ', 'ಟೆಂಪರೇಚರ್ ಫೋಟೋ ಕಳಿಸಿ' ಅಂತ ಎರಡು ಸಲ ಎಬ್ಬಿಸಿದರೆ ಅದು ರೆಸ್ಟಾ? ಮೆಷಿನ್ ಪ್ರಕಾರ ನಾನು ಪೂರ್ತಿ ನಿದ್ದೆ ಮಾಡಿ ಎದ್ದಿದ್ದೇನೆ. ಕಣ್ಣಿನ ಪ್ರಕಾರ ಇಲ್ಲ. ಟೆಂಪರೇಚರ್ ಈಗ ರಿಮೋಟ್ ಆಗಿ ನಿಮಗೇ ಕಾಣುತ್ತದೆ ಅಲ್ವಾ?

ಮತ್ತೆ ಆ ಮ್ಯಾಪ್. ಕಾರಿನ ಟೈಮ್ ನೋಡಿ 'ಐದು ಗಂಟೆ ದಾರಿ' ಅನ್ನುತ್ತೀರಿ. ತುಂಬಿದ ಗಾಡಿ ಏರಿನಲ್ಲಿ ಹೇಗೆ ತೆವಳುತ್ತದೆ ಅಂತ ಮ್ಯಾಪಿಗೇನು ಗೊತ್ತು.

ರೂಲ್ ಬುಕ್:

ನಾನು ಡ್ರೈವರ್ ಅಲ್ಲ, ಸಾಗಣೆ ಕಂಪನಿಗಳ ಸುರಕ್ಷತೆ ವಿಭಾಗದಲ್ಲಿ ಕೆಲಸ. ಗೋಳು ಎಲ್ಲ ಕಡೆಯೂ ಒಂದೇ ಆದರೂ 'ಎಷ್ಟು ಹೊತ್ತು' ಅನ್ನುವುದಕ್ಕೆ ಕಾನೂನಿನಲ್ಲೂ ಬೆಲೆ ಇದೆ, ಅದನ್ನು ಹೇಳುತ್ತೇನೆ.

ಯುರೋಪ್‌ನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು, ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಕಾಯುವ ಸಮಯಕ್ಕೆ ಅಲ್ಲಿ ಬೇರೆ ಹೆಸರೇ ಇದೆ, ಕರೆದರೆ ಸಿಗುವ ಸಮಯ ಅಂತ. ಅದು ಕೆಲಸದ ಲೆಕ್ಕಕ್ಕೂ ಬರುವುದಿಲ್ಲ, ರೆಸ್ಟ್ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಎಷ್ಟು ಹೊತ್ತು ಆಗಬಹುದು ಅಂತ ಡ್ರೈವರ್‌ಗೆ ಮೊದಲೇ ಗೊತ್ತಿರಬೇಕು. ಅಲ್ಲಿನ 2006ರ ನಿಯಮದಲ್ಲಿ ಇನ್ನೊಂದು ಒಳ್ಳೆಯ ಮಾತಿದೆ: ರಸ್ತೆ ಸುರಕ್ಷತೆಗೆ ಕುತ್ತು ತರುವ ಹಾಗೆ ಓಡಿಸಿದ ದೂರಕ್ಕೋ ಬೇಗ ತಲುಪಿಸಿದ್ದಕ್ಕೋ ದುಡ್ಡು ಕೊಡುವಂತಿಲ್ಲ.

ಅಮೆರಿಕದಲ್ಲಿ ಸರಕು ಗಾಡಿಗೆ 11 ಗಂಟೆ ಡ್ರೈವಿಂಗ್, ಅದೂ ಡ್ಯೂಟಿ ಶುರುವಾದ 14 ಗಂಟೆಯೊಳಗೆ. ಗೋಡೌನ್‌ನಲ್ಲಿ ನಿಂತರೂ ಆ 14ರ ಗಡಿಯಾರ ಓಡುತ್ತಲೇ ಇರುತ್ತದೆ. ನಿಮ್ಮ ದೂರಿನ ಮೂಲ ಇದೇ. 2020ರಲ್ಲಿ ನಿಯಮ ಸ್ವಲ್ಪ ಸಡಿಲ ಮಾಡಿ, 10 ಗಂಟೆಯ ರೆಸ್ಟನ್ನು 7 ಮತ್ತು 3 ಅಂತ ಒಡೆಯಲು ಬಿಟ್ಟರು. ಸರಿಯಾಗಿ ಒಡೆದರೆ ಎರಡು ತುಂಡೂ 14ರ ಲೆಕ್ಕದಿಂದ ಹೊರಗೆ. ಮೂರು ಗಂಟೆ ಕಾಯಬೇಕು ಅಂತ ಮೊದಲೇ ಹೇಳಿದರೆ ಡ್ರೈವರ್ ಅದನ್ನು ರೆಸ್ಟ್ ತುಂಡು ಮಾಡಿಕೊಳ್ಳಬಹುದು. ಹತ್ತತ್ತು ನಿಮಿಷ ಅಂತ ಎಳೆದರೆ ಏನೂ ಮಾಡಲಾಗದು. ಗಂಟೆ ಮೀರಿ ಓಡಿಸು ಅಂತ ಒತ್ತಡ ಹಾಕುವುದು 2016ರಿಂದ ಅಲ್ಲಿ ಪ್ರತ್ಯೇಕ ಅಪರಾಧ. ಕಂಪನಿಗೆ ಮಾತ್ರ ಅಲ್ಲ, ಮಾಲು ಕಳಿಸುವವರಿಗೂ ತೆಗೆದುಕೊಳ್ಳುವವರಿಗೂ ಅನ್ವಯ. ಒಂದು ಷರತ್ತು, ಇದರಿಂದ ನಿಯಮ ಮುರಿಯುತ್ತದೆ ಅಂತ ಡ್ರೈವರ್ ಮೊದಲು ಬಾಯಿಬಿಟ್ಟು ಹೇಳಿರಬೇಕು, 90 ದಿನದೊಳಗೆ ದೂರು ಕೊಡಬೇಕು. ಹಳೇ ಸ್ಟೇರಿಂಗ್ ಅವರ ಮೆಸೇಜ್ ಇಲ್ಲಿ ಸಾಕ್ಷಿ ಆಗುತ್ತದೆ.

ಆಸ್ಟ್ರೇಲಿಯಾದ ಬಹುಪಾಲು ರಾಜ್ಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಟೈಮ್‌ಟೇಬಲ್ ಹಾಕುವವನು, ಲೋಡ್ ಮಾಡಿಸುವವನು ಎಲ್ಲರೂ ಹೊಣೆಗಾರರು ಅಂತ ಕಾನೂನಿನಲ್ಲೇ ಇದೆ. ಭಾರತದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ ಬರೆದಿದ್ದರು. ರಸ್ತೆಯಲ್ಲಿ ಅದನ್ನು ಕಂಡವರು ಇದ್ದರೆ ಕೈ ಎತ್ತಿ.

ಹಳೇ ಸ್ಟೇರಿಂಗ್:

ಕೈ ಸ್ಟೇರಿಂಗ್ ಮೇಲಿದೆ ಸ್ವಾಮಿ, ಎತ್ತಲು ಆಗಲ್ಲ.

ಪ್ಲಾನಿಂಗ್ ಟೇಬಲ್:

ರೀಫರ್ ಗಾಡಿ ಅವರೇ, ರೆಸ್ಟ್‌ನಲ್ಲಿ ಫೋನ್ ಮಾಡುವ ವಿಷಯದಲ್ಲಿ ನಿಮ್ಮ ಮಾತು ಸರಿ. ನಮ್ಮಲ್ಲಿ ಈಗ ಲಾಗ್‌ನಲ್ಲಿ ರೆಸ್ಟ್ ಬಿದ್ದರೆ ಮೆಸೇಜ್ ಮಾತ್ರ, ಫೋನ್ ಇಲ್ಲ. ಗಾಡಿಗೇ ಏನಾದರೂ ಆದರೆ ಮಾತ್ರ ಕರೆ. ನಿಮ್ಮ ಆಫೀಸಿನಲ್ಲೂ ಇಷ್ಟನ್ನು ಕೇಳಿ, ಕೊಡುತ್ತಾರೆ. ಖರ್ಚಿಲ್ಲದ ಕೆಲಸ.

ಎಷ್ಟು ಹೊತ್ತು ಅನ್ನುವುದಕ್ಕೆ ಒಂದು ಉಪಾಯ. ಗೋಡೌನ್‌ನವರಿಗೆ 'ಎಷ್ಟು ಹೊತ್ತಾಗುತ್ತೆ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. 'ನನ್ನ ಮುಂದೆ ಎಷ್ಟು ಗಾಡಿ ಇವೆ, ನನ್ನ ಮಾಲು ಫ್ಲೋರ್ ಮೇಲೆ ಬಂತಾ' ಅಂತ, ಅಂದರೆ ಲೋಡ್ ಮಾಡುವ ಜಾಗಕ್ಕೆ ಬಂತಾ ಅಂತ ಕೇಳಿ. ಇದನ್ನು ಅವರು ಹೇಳುತ್ತಾರೆ. ಆ ಎರಡು ಸಂಗತಿ ನಮಗೆ ಕಳಿಸಿದರೆ ಟೈಮ್ ನಾವೇ ಅಂದಾಜು ಹಾಕುತ್ತೇವೆ, ನಾಳೆಯ ಅಪಾಯಿಂಟ್‌ಮೆಂಟ್ ಮಧ್ಯಾಹ್ನವೇ ಮುಂದಕ್ಕೆ ಹಾಕಿಸಬಹುದು. ಸಂಜೆ 6ರ ಮೇಲೆ ಆ ಕಡೆಯ ಆಫೀಸೂ ಮುಚ್ಚಿರುತ್ತದೆ.

ರೀಫರ್ ಗಾಡಿ:

'ಫ್ಲೋರ್ ಮೇಲೆ ಬಂತಾ' ಅನ್ನುವುದು ಒಳ್ಳೆಯ ಪ್ರಶ್ನೆ. ನಾಳೆ ಕೇಳಿ ನೋಡುತ್ತೇನೆ. ಮೆಸೇಜ್ ಆಫೀಸಿನ ಗ್ರೂಪ್‌ಗೆ ಹಾಕಬೇಕಾ, ನೋಡಿಕೊಳ್ಳುವ ಒಬ್ಬರಿಗೇ ಹಾಕಬೇಕಾ?

ಪ್ಲಾನಿಂಗ್ ಟೇಬಲ್:

ಗ್ರೂಪ್‌ಗೆ. ರಾತ್ರಿ ಶಿಫ್ಟ್‌ಗೆ ಬರುವವನಿಗೆ ಹಗಲಿನವನು ಏನೂ ಹೇಳಿ ಹೋಗಿರುವುದಿಲ್ಲ.